ತುಳಸಿಗೆ ನೀರೆರೆಯುವ ಅಜ್ಜಿಗೆ ಎ ಪ್ಲಸ್

ಖಾನಾಪುರ
14 ಅಕ್ಟೋಬರ್ 2024

ಏಳನೆಯ ತರಗತಿಯ ಕನ್ನಡ ಮಾಸ್ತರರಿಗೆ,

ನಾನು ನಿಮ್ಮ ವಿದ್ಯಾರ್ಥಿನಿ ಸಾಕ್ಷಿಯ ಅಜ್ಜಿ, ಅವಳ ಅಪ್ಪ ಸಂಜಯನ ತಾಯಿ. ಖಾನಾಪುರದ ರೇಲ್ವೆ ಸ್ಟೇಶನ್ನಿನ ಹೊರಗೆ ನನ್ನದೊಂದು ಖಾನಾವಳಿ ಇದೆ. ನಿಮ್ಮ ಶಾಲೆಗೆ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಒಬ್ಬ ಹುಡುಗಿ ಎತ್ತಿ, "ತಕರಾರು ಇದ್ದರ ಬರದು ಕೊಡ್ರಿ ಅಜ್ಜಿ, ಬಾಯಿಮಾತು ಇಲ್ಲಿ ನಡೆಯೂದಿಲ್ಲ" ಎಂದಳು. ಬಾಯಿಮಾತು ನಡೆಯದ ಶಾಲೆಯನ್ನು ಇದೇ ಮೊದಲು ಕೇಳಿದ್ದು. ಇರಲಿ, ಬರೆದು ಕೊಡುತ್ತಿದ್ದೇನೆ. ನಾನು ಕಲಿತದ್ದು ಐದನೆಯ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ, ನಿಮಗೆ ಪಗಾರ ಕೊಡುವುದೇ ಅದಕ್ಕಲ್ಲವೇ.

ದಸರೆಗೆ ಸಾಕ್ಷಿ ಇಲ್ಲಿಗೆ ಬಂದವಳು ಹೋಗುವಾಗ ಒಂದು ಫೈಲು ಮರೆತುಹೋದಳು. ಪ್ಲಾಸ್ಟಿಕ್ ಹೊದಿಕೆ, ಅಂಚಿಗೆ ಬಂಗಾರ ಬಣ್ಣದ ಟೇಪು. ಮೇಲೆ 'ನನ್ನ ಅಜ್ಜಿಯೊಡನೆ ಒಂದು ಸಂದರ್ಶನ' ಎಂದು ಅಚ್ಚು ಹಾಕಿಸಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಎ ಪ್ಲಸ್, ಬಾಜೂಕ್ಕೆ ನಿಮ್ಮ ಸಹಿ, ಒಂದು ನಗುವ ಮುಖ. ಸಾಕ್ಷಿಗೆ ಇರುವ ಅಜ್ಜಿ ನಾನೊಬ್ಬಳೇ. ಅವಳ ತಾಯಿಯ ತಾಯಿ ಅವಳು ಹುಟ್ಟುವ ಮೊದಲೇ ಹೋದಳು. ಹಾಗಾದರೆ ಇದು ನನ್ನದೇ ಸಮಾಚಾರ ಎಂದುಕೊಂಡು ಕನ್ನಡಕ ಏರಿಸಿ ಕುಳಿತೆ.

ಮಾಸ್ತರೇ, ಅದರೊಳಗಿನ ಮುದುಕಿ ಯಾರು?

ಅವಳು ನಸುಕಿನಲ್ಲಿ ಎದ್ದು ತುಳಸಿಗೆ ನೀರೆರೆಯುತ್ತಾಳಂತೆ. ನಾವು ಲಿಂಗವಂತರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ತುಳಸಿಕಟ್ಟೆ ನಮ್ಮ ಮನೆಯಲ್ಲಿ ನನ್ನ ಅತ್ತೆಯ ಕಾಲಕ್ಕೂ ಇರಲಿಲ್ಲ. ಅವಳು ಹೊಲದಲ್ಲಿ ದುಡಿದು ಮಕ್ಕಳನ್ನು ಸಾಕಿದಳಂತೆ. ನಮಗೆ ಹೊಲ ಎಲ್ಲಿದೆ? ಬೆಳದಿಂಗಳಲ್ಲಿ ಕತೆ ಹೇಳುತ್ತ ಮೊಮ್ಮಕ್ಕಳಿಗೆ ಕೈತುತ್ತು ಕೊಡುತ್ತಾಳಂತೆ. ನಾನು ಊರಿಗೆಲ್ಲ ತಾಟು ಹಚ್ಚುವವಳು, ಇಲ್ಲಿಯವರೆಗೆ ಯಾರ ಬಾಯಿಗೂ ತುತ್ತು ತುರುಕಿಲ್ಲ. 'ಅವರ ಮುಖದಲ್ಲಿ ಸದಾ ಮಂದಹಾಸ' ಎಂಬ ಸಾಲನ್ನು ನನ್ನ ಗಂಡ ಬಾಳಾಸಾಹೇಬನಿಗೆ ಓದಿ ಹೇಳಿದೆ. ಅವನು ಹಣದ ಗಲ್ಲೆಯ ಮೇಲೆ ಕುಳಿತಲ್ಲೇ ನಕ್ಕು, ಕೆಮ್ಮು ಹತ್ತಿ, ನೀರು ಕುಡಿಸಬೇಕಾಯಿತು. ಕೊನೆಗೆ 'ಯುವಪೀಳಿಗೆಗೆ ಅಜ್ಜಿಯ ಸಂದೇಶ': ಗಿಡ ನೆಡಿ, ಮೊಬೈಲ್ ಬಿಡಿ, ಹಿರಿಯರನ್ನು ಗೌರವಿಸಿ. ನಾನು ಯಾವ ಪೀಳಿಗೆಗೂ ಸಂದೇಶ ಕಳಿಸಿಲ್ಲ. ಫೋಟೋದಲ್ಲಿರುವವಳಿಗೆ ಕೆಂಪಂಚಿನ ಬಿಳಿ ಸೀರೆ, ಬೊಚ್ಚು ಬಾಯಿ. ನನ್ನ ಹಲ್ಲು ಇನ್ನೂ ಗಟ್ಟಿ ಇವೆ.

ಈ ಸುಳ್ಳಿಗೆ ಎ ಪ್ಲಸ್ ಕೊಟ್ಟವರು ನೀವು. ಅದನ್ನು ತೆಗೆದುಹಾಕಿ. ಇಷ್ಟೇ ನನ್ನ ತಕರಾರು.

ಕಾಂತಾ ಬಾಳಾಸಾಹೇಬ ಹೊಸೂರ

*

(ಶಾಲೆಯ ಮುದ್ರಿತ ಕಾಗದದಲ್ಲಿ)
ಬೆಳಗಾವಿ
23 ಅಕ್ಟೋಬರ್ 2024

ಮಾನ್ಯ ಶ್ರೀಮತಿ ಕಾಂತಾ ಹೊಸೂರ ಅವರಿಗೆ,

ತಮ್ಮ ಪತ್ರ ತಲುಪಿತು. ಮೊಮ್ಮಗಳ ಯೋಜನಾ ಕಾರ್ಯದಲ್ಲಿ ತಾವು ತೋರಿದ ಆಸಕ್ತಿಗೆ ಶಾಲೆಯ ಪರವಾಗಿ ಧನ್ಯವಾದಗಳು. ಶ್ರೇಣಿಯನ್ನು ಬದಲಿಸಬೇಕೆಂಬ ತಮ್ಮ ಕೋರಿಕೆಯನ್ನು ಪರಿಶೀಲಿಸಲಾಯಿತು. ಎ ಪ್ಲಸ್ ಅತ್ಯುನ್ನತ ಶ್ರೇಣಿಯಾಗಿದ್ದು, ಅದಕ್ಕಿಂತ ಮೇಲಿನದನ್ನು ನೀಡಲು ಅವಕಾಶವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.

ಎರಡನೆಯ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಸಂದರ್ಶನದ ಚಟುವಟಿಕೆಗೆ ಹೊದಿಕೆ, ಚಿತ್ರ, ಶುದ್ಧ ಬರಹ, ಸಂದೇಶ, ಸಕಾಲಕ್ಕೆ ಸಲ್ಲಿಕೆ ಎಂಬ ಅಂಶಗಳನ್ನು ಗಮನಿಸಲಾಗುತ್ತದೆ. ಕು. ಸಾಕ್ಷಿ ಎಲ್ಲದರಲ್ಲೂ ಪೂರ್ಣ ಅಂಕ ಗಳಿಸಿದ್ದಾಳೆ.

ಇನ್ನೊಂದು ಸಂತಸದ ಸಂಗತಿ. ನವೆಂಬರ್ 14ರಂದು ಮಕ್ಕಳ ದಿನಾಚರಣೆಯ ಜೊತೆ ಅಜ್ಜ-ಅಜ್ಜಿಯರ ಗೌರವ ಸಮಾರಂಭವಿದೆ. ಕು. ಸಾಕ್ಷಿಯ ಸಂದರ್ಶನ ವೇದಿಕೆಯ ಮೇಲೆ ವಾಚನಕ್ಕೆ ಆಯ್ಕೆಯಾಗಿದೆ. ಹೊರಗಿನ ತೀರ್ಪುಗಾರರು ಶ್ರೇಣಿ ನೀಡುತ್ತಾರೆ. ತಾವು ವೇದಿಕೆಯಲ್ಲಿ ಆಸೀನರಾಗಿ ಶಾಲು, ಫಲಪುಷ್ಪ ಸ್ವೀಕರಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿ,
ಸುಮಂತ ಇನಾಮದಾರ
ಕನ್ನಡ ಶಿಕ್ಷಕ

*

ಖಾನಾಪುರ
28 ಅಕ್ಟೋಬರ್ 2024

ಇನಾಮದಾರ ಮಾಸ್ತರರಿಗೆ,

ನಾನು ಅಂಕ ಇಳಿಸಿ ಎಂದು ಬರೆದರೆ ನೀವು ಏರಿಸಲು ಆಗುವುದಿಲ್ಲ ಎಂದು ವಿಷಾದಿಸುತ್ತೀರಿ. ನನ್ನ ಪತ್ರವನ್ನು ಎಷ್ಟು ಓದಿದಿರಿ? ಮೇಲಿನ ಎರಡು ಸಾಲೇ, ಕೆಳಗಿನ ಸಹಿಯೇ? ಹೊದಿಕೆ ಇಲ್ಲದ್ದಕ್ಕೆ ಓದಲು ಮನಸ್ಸು ಬರಲಿಲ್ಲವೇನೋ. ಮುಂದಿನ ಸಲ ಅಂಚಿಗೆ ಬಂಗಾರದ ಟೇಪು ಹಚ್ಚಿ ಕಳಿಸುತ್ತೇನೆ.

ನನ್ನ ಖಾನಾವಳಿಗೆ ಒಬ್ಬ ಬಂದು, ಬೋರ್ಡಿನ ಬಣ್ಣ ನೋಡಿ, ತಾಟಿನ ಹೊಳಪು ನೋಡಿ, ಒಂದು ತುತ್ತೂ ಬಾಯಿಗಿಡದೆ 'ಊಟ ಉತ್ತಮ' ಎಂದು ಬರೆದುಕೊಟ್ಟರೆ ಅವನನ್ನು ಹುಚ್ಚ ಎನ್ನುತ್ತೇವೆ. ನಿಮ್ಮಲ್ಲಿ ಅವನನ್ನು ಮಾಸ್ತರ ಎನ್ನುತ್ತೀರಿ. ಅದಕ್ಕೊಂದು ಬಾಯಿ ತಿರುಗದ ಹೆಸರು ಬೇರೆ, ರೂಪಣಾತ್ಮಕ! ನಮ್ಮ ಕಾಲದ ಮಾಸ್ತರರು ಹೊಡೆಯುತ್ತಿದ್ದರು, ಆದರೆ ಪಾಟಿ ನೋಡಿ ಹೊಡೆಯುತ್ತಿದ್ದರು.

ನಾನು ಯಾರು ಎಂದು ನಿಮಗೆ ಗೊತ್ತಿರಲಿ. ಹೋದ ವರ್ಷ ನನ್ನ ಮಜ್ಜಿಗೆ ಬರೀ ನೀರು ಎಂದ ಒಬ್ಬ ಲಾರಿ ಕ್ಲೀನರನಿಗೆ ಸೌಟಿನಿಂದ ಬಾರಿಸಿದೆ. ಅರ್ಧ ಸಂತೆ ನಿಂತು ನೋಡಿತು. ಅವನು ಈಗಲೂ ನನ್ನಲ್ಲೇ ಉಣ್ಣುತ್ತಾನೆ, ಮಜ್ಜಿಗೆ ಕೇಳಿ ಹಾಕಿಸಿಕೊಳ್ಳುತ್ತಾನೆ. ಅಂಥವಳನ್ನು ವೇದಿಕೆಯ ಮೇಲೆ ಕೂಡಿಸಿ, ಶಾಲು ಹೊದಿಸಿ, ಸದಾ ಮಂದಹಾಸ ಎಂದು ಓದಿಸುತ್ತೀರಾ? ಆ ಸಭೆಯಲ್ಲಿ ನಮ್ಮ ಕಡೆಯವರು ಎಷ್ಟು ಮಂದಿ ಇರುತ್ತಾರೆ ಗೊತ್ತೇ?

ನಾನು ಬರುತ್ತೇನೆ. ಹುಡುಗಿ ತುಳಸಿ ಎಂದ ಕೂಡಲೇ ಎದ್ದು ನಿಂತು, "ಇದು ನಾ ಅಲ್ಲ" ಎಂದು ಎಲ್ಲರ ಮುಂದೆ ಹೇಳುತ್ತೇನೆ. ಆಮೇಲೆ ಮೊಮ್ಮಗಳ ಮಾನ ಹೋಯಿತೆಂದು ನನಗೆ ಅನ್ನಬೇಡಿ.

ಒಂದೇ ಪ್ರಶ್ನೆ ಕೇಳುತ್ತೇನೆ. ಹೌದು ಅಥವಾ ಇಲ್ಲ ಎಂದು ಬರೆಯಿರಿ. ಆ ಫೈಲನ್ನು ನೀವು ಓದಿದ್ದೀರಾ?

ಕಾಂತಾ ಹೊಸೂರ

*

ರಾಮತೀರ್ಥ ನಗರ, ಬೆಳಗಾವಿ
5 ನವೆಂಬರ್ 2024

ಕಾಂತಾ ಅವರಿಗೆ ನಮಸ್ಕಾರ.

ಇಲ್ಲ.

ಮನೆಯಿಂದ ಬರೆಯುತ್ತಿದ್ದೇನೆ, ಹಾಗಾಗಿ ಈ ಸಾದಾ ಕಾಗದ. ನಿಮ್ಮ ಮೊದಲ ಪತ್ರವನ್ನೂ ನಾನು ಪೂರ್ತಿ ಓದಿರಲಿಲ್ಲ. ಶ್ರೇಣಿಯ ಬಗ್ಗೆ ಬರುವ ಪತ್ರಗಳೆಲ್ಲ ಏರಿಸಿ ಎಂದೇ ಕೇಳುತ್ತವೆ. ಅದಕ್ಕೊಂದು ಸಿದ್ಧ ಉತ್ತರವಿದೆ, ಅದನ್ನೇ ಕಳಿಸಿದೆ.

ಫೈಲುಗಳ ರಾಶಿ ಬಂದಾಗ ಹೊದಿಕೆ ನೋಡಿದೆ, ಚಿತ್ರ ಇದೆಯೇ, ಕೊನೆಗೆ ಸಂದೇಶ ಇದೆಯೇ ಎಂದು ಪುಟ ತಿರುವಿದೆ. ನನಗೆ ಕೊಟ್ಟ ಅಂಶಗಳು ಅಷ್ಟೇ. ಇದು ನಿಜವೇ ಎಂದು ಕೇಳುವ ಕಾಲಮ್ಮು ಅದರಲ್ಲಿಲ್ಲ. ನಿಮ್ಮ ಎರಡನೆಯ ಪತ್ರ ಬಂದ ಮೇಲೆ, ನಿಮ್ಮಲ್ಲಿರುವ ಸಾಕ್ಷಿಯದೊಂದನ್ನು ಬಿಟ್ಟು ಇಡೀ ತರಗತಿಯ ಫೈಲುಗಳನ್ನು ಮರಳಿ ತರಿಸಿ, ದೀಪಾವಳಿ ರಜೆಯಲ್ಲಿ ಕುಳಿತು ಓದಿದೆ. ಅರ್ಧಕ್ಕಿಂತ ಹೆಚ್ಚು ಅಜ್ಜಿಯರು ತುಳಸಿಗೆ ನೀರೆರೆಯುತ್ತಾರೆ. ಕ್ಯಾಂಪ್ ಪ್ರದೇಶದಿಂದ ಬರುವ ಒಬ್ಬ ಕ್ರೈಸ್ತ ಹುಡುಗನಿದ್ದಾನೆ, ಅವನ ಅಜ್ಜಿಯೂ ಎರೆಯುತ್ತಾರೆ. ಅನಿಕೇತ ಎಂಬ ಹುಡುಗನ ಅಜ್ಜಿ ಜೂನ್‌ನಲ್ಲೇ ತೀರಿಕೊಂಡರು, ಅವನ ರಜೆ ಚೀಟಿಗೆ ಸಹಿ ಹಾಕಿದವನು ನಾನು. ಸೆಪ್ಟೆಂಬರಿನಲ್ಲಿ ಅವರು ಗಿಡ ನೆಡಲು ಸಂದೇಶ ಕೊಟ್ಟಿದ್ದಾರೆ. ಶಾಲೆಯ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಹೆಸರು ಬದಲಿಸಿ ಅಚ್ಚು ಹಾಕಿಕೊಡುತ್ತಾರಂತೆ. ಎಲ್ಲರಿಗೂ ಎ ಪ್ಲಸ್ ಕೊಟ್ಟಿದ್ದೇನೆ.

ಒಬ್ಬನಿಗೆ ಮಾತ್ರ ಸಿ. ಗೌರವ ಎಂಬ ಹುಡುಗ ಹರಿದ ಹಾಳೆಯಲ್ಲಿ, 'ನನ್ನ ಅಜ್ಜಿಗೆ ಕಿವಿ ಕೇಳುವುದಿಲ್ಲ. ನಾಲ್ಕು ಸಲ ಕೇಳಿದೆ. ಪೇರಲಹಣ್ಣು ಕೊಟ್ಟಳು' ಎಂದಷ್ಟೇ ಬರೆದಿದ್ದ. ಹೊದಿಕೆ ಇರಲಿಲ್ಲ.

ಶ್ರೇಣಿಗಳು ಕಂಪ್ಯೂಟರಿಗೆ ಏರಿಬಿಟ್ಟಿವೆ, ಈಗ ತೆಗೆಯಲು ಬರುವುದಿಲ್ಲ. ಸಾಕ್ಷಿಯನ್ನು ನಿನ್ನೆ ಕರೆದು ಹೀಗೇಕೆ ಮಾಡಿದೆ ಎಂದು ಕೇಳಿದೆ. ಹೇಳಿದಳು. ಅದನ್ನು ನಿಮಗೆ ಬರೆಯುವುದು ಸರಿಯಲ್ಲ ಎನಿಸುತ್ತದೆ. ದಯವಿಟ್ಟು 14ರಂದು ಬರಬೇಡಿ, ಅಥವಾ ಬಂದರೆ ಎದ್ದು ನಿಲ್ಲಬೇಡಿ. ಅವಳಿಗೆ ಹನ್ನೆರಡು ವರ್ಷ.

ಸುಮಂತ

*

ಖಾನಾಪುರ
7 ನವೆಂಬರ್ 2024

ಮಾಸ್ತರರಿಗೆ,

ಇಲ್ಲ ಎಂದು ಬರೆದಿರಿ. ನಿಮ್ಮ ಶಾಲೆಯಿಂದ ನನಗೆ ಬಂದ ಮೊದಲ ಖರೇ ಉತ್ತರ ಅದು.

ಅದರ ಮೇಲೆ ಮತ್ತೆ ನೀರು ಸುರಿದಿರಿ. ಕಂಪ್ಯೂಟರಿಗೆ ಏರಿದ್ದು ಇಳಿಯುವುದಿಲ್ಲವಂತೆ. ಸತ್ತವಳ ಕೈಯಲ್ಲಿ ಗಿಡ ನೆಡಿಸಬಲ್ಲ ಯಂತ್ರಕ್ಕೆ ಒಂದು ಅಕ್ಷರ ಅಳಿಸಲು ಬರುವುದಿಲ್ಲವೇ? ಪೇರಲಹಣ್ಣಿನ ಹುಡುಗನಿಗೆ ಸಿ ಕೊಟ್ಟ ಕೈಯಿಂದ ಉಣ್ಣಲು ನಿಮಗೆ ಹೇಗಾದರೂ ಮನಸ್ಸು ಬರುತ್ತದೆಯೋ. ಇಡೀ ತರಗತಿಯಲ್ಲಿ ಅಜ್ಜಿಯ ಮುಂದೆ ಹೋಗಿ ಕುಳಿತವನು ಅವನೊಬ್ಬನೇ.

ಇನ್ನು ಸಾಕ್ಷಿಯ ಮಾತು. ಬರೆಯುವುದು ಸರಿಯಲ್ಲ ಎಂದು ಬರೆದು ಆಸೆ ತೋರಿಸುವ ಚಾಳಿ ಬಿಡಿ. ನಾನೇ ಹೇಳುತ್ತೇನೆ ಕೇಳಿ. ಬೆಳಗಾವಿಗೆ ಹೋದ ಮೇಲೆ ಅವಳಿಗೆ ಖಾನಾವಳಿಯ ಅಜ್ಜಿ ಎಂದರೆ ನಾಚಿಕೆ. ಗೆಳತಿಯರ ಅಜ್ಜಿಯರು ಬಾಲ್ಕನಿಯಲ್ಲಿ ಕುಳಿತು ಜಪ ಮಾಡುತ್ತಾರೆ, ಇವಳ ಅಜ್ಜಿ ಹಿಟ್ಟು ಮೆತ್ತಿದ ಕೈಯಲ್ಲಿ ಡ್ರೈವರುಗಳನ್ನು ಬೈಯುತ್ತಾಳೆ. ಅದಕ್ಕೇ ನನ್ನನ್ನು ತೆಗೆದು ಬಿಸಾಕಿ, ಅಂಗಡಿಯಿಂದ ಬೇರೊಬ್ಬ ಅಜ್ಜಿಯನ್ನು ತಂದುಕೊಂಡಳು. ಇದನ್ನೇ ಹೇಳಿದಳಲ್ಲವೇ? ಹೌದು ಎಂದು ಬರೆಯಿರಿ, ಮುಗಿಯಿತು. ನಾನು ಅಳುವ ಪೈಕಿ ಅಲ್ಲ.

ಅಂಚೆಯನ್ನು ನಂಬಿದರೆ ನಿಮ್ಮ ಸಮಾರಂಭ ಮುಗಿದುಹೋಗುತ್ತದೆ. ಈ ಪತ್ರವನ್ನು ನಮ್ಮಲ್ಲಿ ಉಣ್ಣುವ ಬಸ್ ಡ್ರೈವರ್ ಬೀರೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡಿ.

ಕಾಂತಾ

*

ರಾಮತೀರ್ಥ ನಗರ
9 ನವೆಂಬರ್ 2024

ಕಾಂತಾ ಅವರಿಗೆ,

ಇಲ್ಲ. ಇದು ಎರಡನೆಯ ಇಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ, ನಿಮ್ಮೂರ ಸಂತೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಸಾಕ್ಷಿ ನಿಮಗೆ ಫೋನ್ ಮಾಡಿದ್ದಳು. ನಾನು ಕೊಟ್ಟ ಪ್ರಶ್ನೆಗಳನ್ನು ಕೇಳಲು. ನಿಮಗೆ ನೆನಪಿದೆಯೋ ಇಲ್ಲವೋ ತಿಳಿಯದು. ಅವಳಿಗೆ ಚೆನ್ನಾಗಿ ನೆನಪಿದೆ. ಏನೆಂದರು ಅಜ್ಜಿ ಎಂದು ಕೇಳಿದ್ದಕ್ಕೆ, "ಹೇಳಾಕ ಬರೂದಿಲ್ಲ ಸರ್, ಮಾಡಿ ತೋರಸಲ್ಯಾ?" ಎಂದಳು. ಶಿಕ್ಷಕರ ಕೋಣೆಯ ನಡುವೆ ನಿಂತಳು. ಎಡಗೈ ಸೊಂಟದ ಮೇಲೆ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡ ಹಾಗೆ ಕತ್ತು ವಾರೆ, ಬಲಗೈಯಲ್ಲಿ ರೊಟ್ಟಿ ತಿರುವುತ್ತ:

"ಬಾಲ್ಯ ಕೇಳ್ತಾಳ ಬಾಲ್ಯ! ಇಲ್ಲಿ ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತೈತಿ, ಮಂದಿ ಬಾಯಿ ತಕ್ಕೊಂಡು ಕುಂತಾರ. ನಿಮ್ಮ ಮಾಸ್ತರಗ ಹೇಳು, ಬಂದು ನಾಕ ರೊಟ್ಟಿ ಬಡೀಲಿ, ಆಮ್ಯಾಲ ಹೇಳ್ತೀನಿ ಬಾಲ್ಯ. ಏ ಕ್ಲೀನರ, ತಾಟಿನ್ಯಾಗ ಕೈ ತೊಳೀಬ್ಯಾಡೋ ಹಲಕಟ್! ನಿನಗಲ್ಲವಾ, ಇಂವಗ. ಇಡು ಫೋನು!"

ಗಣಿತದ ನಾಗರತ್ನಾ ಟೀಚರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನಾನು ನಿಮ್ಮನ್ನು ನೋಡಿಲ್ಲ. ಆದರೆ ಈಗ ದಾರಿಯಲ್ಲಿ ಸಿಕ್ಕರೆ ಗುರುತು ಹಿಡಿಯಬಲ್ಲೆ.

ಸ್ವಲ್ಪ ಹೊತ್ತು ಬಿಟ್ಟು ಅವಳು ಮತ್ತೆ ಫೋನ್ ಮಾಡಿದಳಂತೆ. ಎರಡನೆಯ ಪ್ರಶ್ನೆ, "ಅಜ್ಜಿ, ಸಾಲಿ ಯಾಕ ಬಿಟ್ಟಿ?" ಅದಕ್ಕೆ ಫೋನು ಕಟ್ಟಾಯಿತು. ಕಟ್ಟಾದದ್ದನ್ನೂ ಮಾಡಿ ತೋರಿಸಿದಳು. ಮನೆಯಲ್ಲಿ ಅವಳ ತಾಯಿ, ಬೈಗುಳಕ್ಕೆ ಮಾರ್ಕ್ಸ್ ಕೊಡುವುದಿಲ್ಲ ಎಂದು ಅಂಗಡಿಗೆ ಕರೆದೊಯ್ದು ಅಚ್ಚು ಹಾಕಿಸಿಕೊಟ್ಟರು. ತಾಯಿಯ ಲೆಕ್ಕ ತಪ್ಪಲ್ಲ. ನಾನು ಕೊಡುತ್ತಿರಲಿಲ್ಲ.

ಅವಳಿಗೆ ನಿಮ್ಮ ಬಗ್ಗೆ ನಾಚಿಕೆ ಇಲ್ಲ. ಹೆದರಿಕೆ ಇದೆ. ಇದನ್ನು ವೇದಿಕೆಯ ಮೇಲೆ ಮಾಡುತ್ತೀಯಾ ಎಂದು ಕೇಳಿದೆ. "ಅಜ್ಜಿ ಬಂದಿದ್ದರ ಬಡೀತಾಳ ಸರ್" ಎಂದಳು.

ಸುಮಂತ

*

ಖಾನಾಪುರ
11 ನವೆಂಬರ್ 2024

ಮಾಸ್ತರರಿಗೆ,

ಬರುತ್ತೇನೆ. ವೇದಿಕೆ ಬೇಡ, ಶಾಲು ಬೇಡ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಶಿಕ್ಷಕರ ಕೋಣೆಯಲ್ಲಿ ಮಾಡಿದ್ದನ್ನೇ ಅವಳು ಮಾಡಲಿ. ತುಳಸಿಯ ಮುದುಕಿಯನ್ನು ಓದಿದರೆ ಮಾತ್ರ ಎದ್ದು ಹೋಗುತ್ತೇನೆ. ಬಡಿಯುವುದಿಲ್ಲ ಎಂದು ಅವಳಿಗೆ ಹೇಳಿ.

ಆ ಭಾನುವಾರ ರೊಟ್ಟಿ ಹೊತ್ತುತ್ತಿದ್ದದ್ದು ಖರೇ. ಇಷ್ಟಕ್ಕೂ ಸಂತೆಯ ದಿನ ಮಧ್ಯಾಹ್ನ ಖಾನಾವಳಿಯವಳಿಗೆ ಫೋನ್ ಮಾಡಬಾರದೆಂದು ಯಾವ ಶಾಲೆಯೂ ಕಲಿಸುವುದಿಲ್ಲ.

ಕಾಂತಾ

*

ರಾಮತೀರ್ಥ ನಗರ
18 ನವೆಂಬರ್ 2024

ಕಾಂತಾ ಅವರಿಗೆ,

ಫಲಿತಾಂಶದ ಚೀಟಿಯನ್ನು ಇದರೊಡನೆ ಇಟ್ಟಿದ್ದೇನೆ. ಸಾಕ್ಷಿಗೆ ಸಿ. ತೀರ್ಪುಗಾರರ ಷರಾ: 'ಹಿರಿಯರ ಬಗ್ಗೆ ಅಗೌರವ. ಸಂದೇಶವಿಲ್ಲ.' ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಆ ಮೂವರೂ ತಲೆ ಬಗ್ಗಿಸಿ ಬರೆಯುತ್ತಿದ್ದುದನ್ನು ನೀವೂ ನೋಡಿದ್ದೀರಿ. ಬೇಡವೆಂದರೂ ನಿಮಗೆ ಶಾಲು ಹೊದಿಸಿದ್ದಕ್ಕೆ ಕ್ಷಮಿಸಿ, ಅದು ಮುಖ್ಯೋಪಾಧ್ಯಾಯಿನಿಯವರ ಆಜ್ಞೆ. ಓದಬೇಕಾದ ಸಂದರ್ಶನವನ್ನು ಬಿಟ್ಟು ಇದನ್ನೇಕೆ ಮಾಡಿಸಿದಿರಿ ಎಂದು ಅವರು ನನ್ನನ್ನೂ ಬರವಣಿಗೆಯಲ್ಲಿ ಕೇಳಿದ್ದಾರೆ. ಇಲ್ಲಿ ಬಾಯಿಮಾತು ನಡೆಯುವುದಿಲ್ಲ.

ಗೌರವನ ಶ್ರೇಣಿ ಬದಲಿಸಲು ಅರ್ಜಿ ಕೊಟ್ಟಿದ್ದೆ. ಹೊದಿಕೆ ಇಲ್ಲವೆಂದು ತಿರಸ್ಕರಿಸಿದರು.

ಒಂದು ವಿಷಯ ಹೇಳಲೇಬೇಕು. ಬೈಗುಳ ಮುಗಿದ ಮೇಲೆ ಅವಳು ಕೈಮುಗಿದು ಇಳಿಯಬೇಕಿತ್ತು, ನಾವು ತಯಾರಿ ಮಾಡಿದ್ದು ಅಷ್ಟೇ. ನಿಮ್ಮ ಕಡೆ ತಿರುಗಿ ಆ ಎರಡನೆಯ ಪ್ರಶ್ನೆ ಕೇಳುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನೀವು ಎದ್ದು ನಿಂತಾಗ, ಹೊರಟೇಬಿಟ್ಟಿರಿ ಎಂದುಕೊಂಡೆ. ನಿಮ್ಮ ಉತ್ತರವನ್ನು ಅವಳ ಹೆಸರಿನಲ್ಲಿ ಬರೆದು ತರಗತಿಯಲ್ಲಿ ಇಡಬೇಕೆಂದಿದ್ದೇನೆ. ನೆನಪಿನಿಂದ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಡಿ:

"ಐದನೇ ಇಯತ್ತಾ ಪರೀಕ್ಷಾದ ದಿವಸ ನಮ್ಮವ್ವ ಹಡದ್ಲು. ಮನ್ಯಾಗ ನೀರು ಕಾಸಾಕ ನಾ ಒಬ್ಬಾಕಿನ ಇದ್ದೆ. ಮಾಸ್ತರ ಗೈರಹಾಜರಿ ಅಂತ ಬರದು ನಪಾಸ ಮಾಡಿದ. ಅವನ ಮನಿ ನಮ್ಮ ಓಣ್ಯಾಗನ ಇತ್ತು. ಯಾಕ ಬರಲಿಲ್ಲಬೇ ಅಂತ ಒಂದ ಮಾತ ಕೇಳಲಿಲ್ಲ. ನಾನೂ ಮತ್ತ ಹೋಗಲಿಲ್ಲ. ಸಾಕಾ? ಕುಂದರಲ್ಯಾ?"

ಅದಕ್ಕೆ ಸಾಕ್ಷಿ ಸೊಂಟದ ಮೇಲಿನ ಕೈ ತೆಗೆಯದೆ, ನಿಮ್ಮದೇ ದನಿಯಲ್ಲಿ, "ಸಾಕು, ಕುಂದ್ರು!" ಎಂದಳು. ನೀವು ಕುಳಿತಿರಿ. ಯಾರಾದರೂ ಹೇಳಿದ ಕೂಡಲೇ ನೀವು ಕುಳಿತದ್ದು ಅದೇ ಮೊದಲು ಎಂದು ಬಾಳಾಸಾಹೇಬರು ಬಾಗಿಲಲ್ಲಿ ನನಗೆ ಹೇಳಿದರು.

ಸುಮಂತ

*

ಖಾನಾಪುರ
25 ನವೆಂಬರ್ 2024

ಸುಮಂತ ಮಾಸ್ತರರಿಗೆ,

ಉತ್ತರ ಸರಿ ಇದೆ. ಒಂದು ಸೇರಿಸಿ. ಅಂದು ಹುಟ್ಟಿದವನು ನನ್ನ ತಮ್ಮ ಸತ್ಯಪ್ಪ. ಅವನು ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿ, ಈಗ ಜಾಂಬೋಟಿಯಲ್ಲಿ ಕುಳಿತು ನನಗೆ ಬುದ್ಧಿ ಹೇಳುತ್ತಾನೆ.

ನಿಮ್ಮ ತೀರ್ಪುಗಾರರ ಚೀಟಿಯನ್ನು ಊಟದ ದರದ ಹಲಗೆಯ ಬಾಜೂಕ್ಕೆ ಅಂಟಿಸಿದ್ದೇನೆ. 'ಹಿರಿಯರ ಬಗ್ಗೆ ಅಗೌರವ' ಎಂಬುದನ್ನು ಗಿರಾಕಿಗಳು ಓದಿ, ಯಾರಿಗೆ ಸಿಕ್ಕಿದ್ದು ಎಂದು ಕೇಳುತ್ತಾರೆ. ನನ್ನ ಮೊಮ್ಮಗಳಿಗೆ ಎನ್ನುತ್ತೇನೆ. ಮೂರು ಮಂದಿ ಕಲಿತವರು ಒಂದು ಹುಡುಗಿಯನ್ನು ನೋಡದೆ, ಕಾಗದ ನೋಡಿಕೊಂಡು ಕೊಟ್ಟ ಸಿ. ಅಂಥವರು ಎ ಪ್ಲಸ್ ಕೊಟ್ಟಿದ್ದರೆ ನನಗೆ ಚಿಂತೆಯಾಗುತ್ತಿತ್ತು. ತುಳಸಿಯ ಮುದುಕಿಯನ್ನು ಒಲೆಗೆ ಹಾಕಿದೆ. ಪ್ಲಾಸ್ಟಿಕ್ ಹೊದಿಕೆ, ನೆಟ್ಟಗೆ ಉರಿಯಲೂ ಇಲ್ಲ, ಮನೆಯೆಲ್ಲ ವಾಸನೆ. ಶಾಲು ಕೆಲಸಕ್ಕೆ ಬಂತು. ರೊಟ್ಟಿಯ ಬುಟ್ಟಿಗೆ ಹೊದಿಸಿದ್ದೇನೆ.

ಮುಖ್ಯೋಪಾಧ್ಯಾಯಿನಿಗೆ ನೀವು ಏನು ಬರೆದು ಕೊಡುತ್ತೀರೋ ನೋಡೋಣ. ಹೆದರಿ ಎಲ್ಲ ನನ್ನ ಮೇಲೆ ಹಾಕಬೇಡಿ, ಹಾಕಿದರೂ ನನಗೇನೂ ಆಗುವುದಿಲ್ಲ. ನಿಮ್ಮನ್ನು ಅಲ್ಲಿಂದ ತೆಗೆದರೆ ಬನ್ನಿ, ರೊಟ್ಟಿ ಬಡಿಯುವುದನ್ನು ಕಲಿಸುತ್ತೇನೆ. ತಿಂದು ನೋಡಿಯೇ ಅಂಕ ಕೊಡುತ್ತೇನೆ. ಪೇರಲಹಣ್ಣಿನ ಹುಡುಗನನ್ನೂ ಒಮ್ಮೆ ಕರೆತನ್ನಿ.

ನಿನ್ನೆ ಭಾನುವಾರ. ಸಂತೆ. ಸರಿಯಾಗಿ ಊಟದ ಹೊತ್ತಿಗೇ ಅವಳ ಫೋನು ಬಂತು. ಯಾವ ಮಾಸ್ತರನೂ ಕೊಡದ ಪ್ರಶ್ನೆಗಳು, ಒಂದರ ಮೇಲೊಂದು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾಯಿತು. ಅದರ ನಂತರದ್ದೂ ಹೊತ್ತಿತು. ಗಿರಾಕಿಗಳು ತಾಟು ಬಡಿಯುತ್ತ ಬೈದರು.

ಬೈಯಲಿ.

ಕಾಂತಾ